ಬಿಸಿಲು ಬಂದರೂ ಮೈದಾನಕ್ಕೆ ಬೀಗ ಯಾಕೆ? ಕೊಡಗಿನ ಮಳೆಗಾಲ ಮತ್ತು ಮಕ್ಕಳ ಫುಟ್ಬಾಲ್

ಜುಲೈ ಬಂತೆಂದರೆ ಕೊಡಗಿನಲ್ಲಿ ಮೂರು ತರಹದ ಸುದ್ದಿ ಒಟ್ಟಿಗೇ ಬರುತ್ತವೆ. ಭಾರಿ ಮಳೆ, ಶಾಲೆಗಳಿಗೆ ರಜೆ ಅನ್ನುವುದು ಒಂದು. ಮೈದಾನ ಹಾಳಾಗುತ್ತಿದೆ, ಮಳೆ ಮುಗಿಯುವ ತನಕ ಯಾರೂ ಆಡಬಾರದು ಅನ್ನುವ ಸೂಚನೆ ಇನ್ನೊಂದು. ಅದೇ ಪುಟದ ಕೆಳಗೆ ಕೆಸರುಗದ್ದೆ ಫುಟ್ಬಾಲ್ ಪಂದ್ಯಾವಳಿ, ತಂಡಗಳು ಹೆಸರು ಕೊಡಿ ಅನ್ನುವ ಪ್ರಕಟಣೆ. ಇದರ ಮಧ್ಯೆ ಶಾಲಾ ಮಕ್ಕಳ ವಲಯ ಮಟ್ಟದ, ತಾಲ್ಲೂಕು ಮಟ್ಟದ ಪಂದ್ಯಗಳ ದಿನಾಂಕವೂ ಬರುತ್ತದೆ.

ಓದಿದವರಿಗೆ ಗೊಂದಲ ಆಗುವುದು ಸಹಜ. ಮಳೆಯಲ್ಲಿ ಆಡಬಾರದು ಎಂದ ಮೇಲೆ ಕೆಸರಲ್ಲಿ ಆಡಿಸುವುದು ಯಾಕೆ? ಮಳೆ ನಿಂತು, ಬಿಸಿಲು ಕಾಣಿಸಿಕೊಂಡ ದಿನವೂ ಗೇಟಿಗೆ ಬೀಗ ಯಾಕೆ? ಹುಲ್ಲು ಹಾಳಾದರೆ ಮತ್ತೆ ಬೆಳೆಯುತ್ತದಲ್ಲ, ಕೊಡಗಿನಲ್ಲಿ ಹುಲ್ಲಿಗೇನು ಬರವೇ? ಈ ಮೂರೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹುಡುಕಲು ಮೊದಲು ಮಣ್ಣಿನ ವಿಚಾರ ನೋಡಬೇಕು, ಆಮೇಲೆ ಕ್ಯಾಲೆಂಡರಿನ ವಿಚಾರ. ಜಗಳವೆಲ್ಲ ಬೀಗದ ಮೇಲೆ ನಡೆಯುತ್ತಿದೆ, ಆದರೆ ಸಮಸ್ಯೆಯ ಬೇರು ಕ್ಯಾಲೆಂಡರಿನಲ್ಲಿದೆ.

ಮಳೆ ನಿಂತರೂ ನೀರು ಹೋಗಿರುವುದಿಲ್ಲ

ಪೂರ್ಣ ಅಳತೆಯ ಫುಟ್ಬಾಲ್ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಅಂದರೆ 7,140 ಚದರ ಮೀಟರ್. ಅದರ ಮೇಲೆ ಒಂದೇ ಒಂದು ಇಂಚು ಮಳೆ ಬಿದ್ದರೆ ಸುಮಾರು 1.8 ಲಕ್ಷ ಲೀಟರ್ ನೀರು. ದಿನಕ್ಕೆ ನಾಲ್ಕು ಇಂಚು ಕೊಡಗಿಗೆ ಹೊಸದೇನಲ್ಲ. ಅಂಥ ದಿನ ಬೀಳುವುದು 7 ಲಕ್ಷ ಲೀಟರಿಗಿಂತ ಜಾಸ್ತಿ. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅರವತ್ತು ಲೋಡು. (ಬೇರೆ ಊರಿನವರು ಮಿಲಿಮೀಟರ್‌ನಲ್ಲಿ ಮಾತಾಡಬಹುದು. ಕಾಫಿ ತೋಟದ ಮನೆಯಲ್ಲಿ ಮಾತ್ರ ಮಳೆ ಇವತ್ತಿಗೂ ಇಂಚಿನಲ್ಲೇ ಬೀಳುತ್ತದೆ.)

ಈ ನೀರಿಗೆ ಇರುವುದು ಮೂರೇ ದಾರಿ. ಮೇಲಿಂದ ಹರಿದು ಹೋಗಬೇಕು, ಕೆಳಗೆ ಇಂಗಬೇಕು, ಇಲ್ಲವೇ ಆವಿಯಾಗಬೇಕು. ನಮ್ಮ ಹೆಚ್ಚಿನ ಶಾಲಾ ಮೈದಾನಗಳು ಸಮತಟ್ಟು, ಇಲ್ಲವೇ ನಡುವೆ ತಗ್ಗು. ಹಾಗಾಗಿ ಹರಿಯುವುದು ಕಡಿಮೆ. ಜುಲೈನ ಮಡಿಕೇರಿಯಲ್ಲಿ ಬೆಳಗ್ಗೆಯಿಂದ ಸಂಜೆ ತನಕ ಮಂಜು. ಒಗೆದ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ, ಇನ್ನು ಮೈದಾನ ಒಣಗುತ್ತದಾ? ಉಳಿಯುವುದು ಇಂಗುವ ದಾರಿ ಒಂದೇ. ಕೊಡಗಿನ ಕೆಂಪು ಮಣ್ಣು ತೋಟದಲ್ಲಿ, ಎಲೆ ಕೊಳೆತ ಹೊದಿಕೆಯ ಕೆಳಗೆ, ಚೆನ್ನಾಗಿಯೇ ನೀರು ಕುಡಿಯುತ್ತದೆ. ಅದೇ ಮಣ್ಣು ಮೈದಾನದಲ್ಲಿ ವರ್ಷಗಟ್ಟಲೆ ತುಳಿಸಿಕೊಂಡು ಗಟ್ಟಿಯಾಗಿದ್ದರೆ ಇಂಗುವ ವೇಗ ಬಿದ್ದುಹೋಗುತ್ತದೆ.

ಮಳೆ ನಿಂತ ಮೇಲೂ ಮಣ್ಣಿನೊಳಗಿನ ಹೆಚ್ಚುವರಿ ನೀರು ಕೆಳಗಿಳಿಯಲು ಒಂದರಿಂದ ಮೂರು ದಿನ ಬೇಕು. ಅದೂ ಕೆಳಗೆ ದಾರಿ ಇದ್ದರೆ. ಮೇಲ್ಗಡೆ ಹಸಿರಾಗಿ, ಬಿಸಿಲಿಗೆ ಹೊಳೆಯುತ್ತಾ ಇರುವ ಮೈದಾನ ಎರಡು ಇಂಚು ಕೆಳಗೆ ಇನ್ನೂ ಮೆತ್ತಗೆ ಇರುತ್ತದೆ. ಬಿಸಿಲು ಬಂದ ದಿನವೂ ಬೀಗ ಹಾಕಿರುವುದಕ್ಕೆ ಕಾರಣ ಇದು. ಬೀಗ ಹಾಕಿದವರು ಇದನ್ನು ಒಂದು ಬೋರ್ಡಿನಲ್ಲಿ ಬರೆದು ಹಾಕಿದ್ದರೆ ಅರ್ಧ ಜಗಳ ಇರುತ್ತಲೇ ಇರಲಿಲ್ಲ.

ಸ್ಟಡ್ ಕೆಳಗೆ ಆಗುವುದೇನು

ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಬರೀ ಸಂದು. ಆ ಸಂದುಗಳಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ. ಬೇರು ಉಸಿರಾಡುವುದು ಆ ಗಾಳಿಯಿಂದ. ಮಣ್ಣು ಪೂರ್ತಿ ನೆನೆದಾಗ ಸಂದುಗಳೆಲ್ಲ ನೀರಿನಿಂದ ತುಂಬಿರುತ್ತವೆ, ಮಣ್ಣಿನ ಕಣಗಳ ನಡುವೆ ಹಿಡಿತ ಇರುವುದಿಲ್ಲ. ಈ ಸ್ಥಿತಿಯಲ್ಲಿ ಒಬ್ಬ ಹುಡುಗ ಓಡುತ್ತಾ ಬಂದು, ಒಂದು ಕಾಲೂರಿ, ಸರಕ್ಕನೆ ತಿರುಗುತ್ತಾನೆ. ಅವನ ಪೂರ್ತಿ ತೂಕ ಬೂಟಿನ ಅಡಿಯ ಆರೇಳು ಸಣ್ಣ ಮುಳ್ಳುಗಳ, ಅಂದರೆ ಸ್ಟಡ್‌ಗಳ, ತುದಿಗೆ ಬರುತ್ತದೆ. ಸ್ಟಡ್ ಒಳಗಿಳಿಯುತ್ತದೆ, ತಿರುಗುವಾಗ ಹುಲ್ಲಿನ ಬುಡವನ್ನು ಬೇರಿನ ಸಮೇತ ಎಳೆದುಕೊಂಡು ಬರುತ್ತದೆ. ಸುತ್ತಲಿನ ಮಣ್ಣು ಜಾರಿ, ಒಂದರ ಮೇಲೊಂದು ಒತ್ತಿಕೊಂಡು, ಸಂದುಗಳು ಮುಚ್ಚಿಹೋಗುತ್ತವೆ.

ಗದ್ದೆ ಉತ್ತವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನಾಟಿಗೆ ಮೊದಲು ನೀರು ಕಟ್ಟಿ, ಉತ್ತು, ತುಳಿದು, ಮಣ್ಣನ್ನು ಕೆಸರು ಮಾಡುವುದು ಯಾಕೆ? ಸಂದುಗಳು ಮುಚ್ಚಿ ನೀರು ಕೆಳಗಿಳಿಯದೆ ನಿಲ್ಲಲಿ ಅಂತ ತಾನೇ? ನೆನೆದ ಮೈದಾನದಲ್ಲಿ ಇಪ್ಪತ್ತೆರಡು ಮಕ್ಕಳು ಒಂದು ಗಂಟೆ ಆಡಿದರೆ ಆಗುವುದೂ ಅದೇ ಕೆಲಸ. ವ್ಯತ್ಯಾಸ ಇಷ್ಟೇ, ಗದ್ದೆಯಲ್ಲಿ ನೀರು ನಿಲ್ಲುವುದು ನಮಗೆ ಬೇಕು, ಮೈದಾನದಲ್ಲಿ ಬೇಡ. ಕೊಡಗಿನ ಹಲವು ಊರುಗಳಲ್ಲಿ ಹಳೇ ಗದ್ದೆ ಬಯಲೇ ಆಟದ ಬಯಲಾಗಿದೆ. ಅಂಥ ಕಡೆ ಅಡಿಯಲ್ಲಿ ಹಿಂದಿನ ಉಳುಮೆಯಿಂದ ಬಂದ ಗಟ್ಟಿ ಪದರ ಮೊದಲೇ ಇರುತ್ತದೆ. ಮೇಲಿನ ಪದರವೂ ಮುಚ್ಚಿಹೋದರೆ ನೀರಿಗೆ ದಾರಿಯೇ ಇಲ್ಲ.

ಅನುಮಾನ ಇದ್ದವರು ಗೋಲ್ ಮುಂದಿನ ಜಾಗದಲ್ಲಿ ಹಾರೆಯಿಂದ ಒಂದು ಗೇಣು ಮಣ್ಣು ಎತ್ತಿ ನೋಡಬಹುದು. ಮೇಲಿನ ಎರಡು ಮೂರು ಇಂಚು ಬೂದು ಬಣ್ಣ, ಕೊಳೆತ ವಾಸನೆ, ಬೇರು ಗಿಡ್ಡ. ಗಾಳಿ ಹೋಗದ ಮಣ್ಣಿನ ಲಕ್ಷಣ ಅದು. ಹತ್ತು ಹೆಜ್ಜೆ ಆಚೆ, ಯಾರೂ ಓಡಾಡದ ಮೂಲೆಯಲ್ಲಿ ಅದೇ ಮಣ್ಣು ಕೆಂಪಗೆ, ಪುಡಿಪುಡಿಯಾಗಿ, ಎರೆಹುಳುವಿನ ತೂತುಗಳ ಸಮೇತ ಮೇಲೆ ಬರುತ್ತದೆ. ಎರಡೂ ಜಾಗಕ್ಕೆ ಬಿದ್ದದ್ದು ಒಂದೇ ಮಳೆ.

ಜುಲೈನಲ್ಲಿ ಮಾಡಿದ್ದು ಮಾರ್ಚ್‌ನಲ್ಲಿ ಕಾಣುತ್ತದೆ

ಹುಲ್ಲು ಮತ್ತೆ ಬೆಳೆಯುತ್ತದಲ್ಲ ಅನ್ನುವ ಮಾತಿಗೆ ಬರೋಣ. ನಮ್ಮ ಮೈದಾನಗಳಲ್ಲಿ ತುಳಿತ ತಡೆದುಕೊಳ್ಳುವ ಹುಲ್ಲು ಎಂದರೆ ಗರಿಕೆ. ಜಗತ್ತಿನ ಎಷ್ಟೋ ಬಿಸಿ ದೇಶಗಳ ಕ್ರೀಡಾಂಗಣಗಳಲ್ಲಿ ಇರುವುದೂ ಇದರ ತಳಿಗಳೇ. ಗರಿಕೆ ನೆಲದ ಮೇಲೂ ಕೆಳಗೂ ಬಳ್ಳಿಯ ಹಾಗೆ ಹರಡುತ್ತದೆ, ಹಾಗಾಗಿ ಗಾಯ ಬೇಗ ಮುಚ್ಚುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಗರಿಕೆಗೆ ಬಿಸಿಲು ಬೇಕು, ಬಿಸಿಯೂ ಬೇಕು. 27 ಡಿಗ್ರಿಯ ಮೇಲೆ, ದಿನವಿಡೀ ಬೆಳಕಿದ್ದಾಗ ಅದು ಹಬ್ಬುತ್ತದೆ. ನೆರಳು ಅದಕ್ಕೆ ಆಗಿಬರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಇರುವುದು ಮೋಡ, ಮಂಜು, ಇಪ್ಪತ್ತರ ಆಸುಪಾಸಿನ ಚಳಿ. ನೀರು ಎಷ್ಟಿದ್ದರೇನು, ಗರಿಕೆ ಆಗ ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ಆಗ ಕಿತ್ತುಹೋದ ಜಾಗ ಅಕ್ಟೋಬರ್ ತನಕ ಬೋಳು.

ಬೋಳು ಜಾಗ ಖಾಲಿ ಇರುವುದಿಲ್ಲ. ನಾಚಿಕೆ ಮುಳ್ಳು, ಕೊನ್ನಾರಿ ಗಡ್ಡೆ ಬಂದು ಕೂರುತ್ತವೆ. ಬರಿಗಾಲಲ್ಲಿ ಆಡುವ ಮಕ್ಕಳಿಗೆ ನಾಚಿಕೆ ಮುಳ್ಳು ಅಂದರೆ ಏನು ಅಂತ ಹೇಳಬೇಕಾಗಿಲ್ಲ.

ಅಕ್ಟೋಬರ್‌ನಲ್ಲಿ ಮಳೆ ಇಳಿಯುತ್ತದೆ. ಕೆಸರಿನಲ್ಲಿ ಮೂಡಿದ ಹೆಜ್ಜೆ ಗುಂಡಿಗಳು, ಸ್ವಾತಂತ್ರ್ಯೋತ್ಸವದ ದಿನ ಒಳಗೆ ಬಂದ ವಾಹನಗಳ ಚಕ್ರದ ಗೆರೆಗಳು, ಎಲ್ಲ ಹಾಗೇ ಒಣಗಿ ಗಟ್ಟಿಯಾಗುತ್ತವೆ. ಪಾದ ಮಡಚಿಕೊಳ್ಳುವುದು, ಕಣಕಾಲು ಉಳುಕುವುದು ಜಾಸ್ತಿಯಾಗುವುದು ಇಂಥ ನೆಲದಲ್ಲಿ. ಆಮೇಲೆ ಚಳಿ, ಒಣಹವೆ. ಮೈದಾನಕ್ಕೆ ನೀರು ಹಾಯಿಸುವ ವ್ಯವಸ್ಥೆ ಹೆಚ್ಚಿನ ಕಡೆ ಇಲ್ಲ. ಹುಲ್ಲಿಲ್ಲದ ಜಾಗ ಫೆಬ್ರವರಿ ಹೊತ್ತಿಗೆ ಬರೀ ಧೂಳು. ಮಂಡಿ ತರಚುತ್ತದೆ, ಚೆಂಡು ಎತ್ತೆತ್ತಲೋ ಪುಟಿಯುತ್ತದೆ, ನೆಲದಲ್ಲಿ ಚೆಂಡಾಡಿಸುವ ಪಾಸಿಂಗ್ ಆಟ ಕಲಿಯಬೇಕಾದ ಮಕ್ಕಳು ಉದ್ದಕ್ಕೆ ಒದೆಯುವುದನ್ನೇ ಕಲಿಯುತ್ತಾರೆ. ಮುಂದಿನ ಜೂನ್‌ನ ಮೊದಲ ಜೋರು ಮಳೆಗೆ ಆ ಧೂಳು, ಅಂದರೆ ಮೇಲ್ಮಣ್ಣು, ಚರಂಡಿ ಸೇರುತ್ತದೆ. ತಗ್ಗು ಇನ್ನಷ್ಟು ತಗ್ಗಾಗುತ್ತದೆ, ನೀರು ಇನ್ನಷ್ಟು ನಿಲ್ಲುತ್ತದೆ. ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಸ್ವಲ್ಪ ಕೆಟ್ಟ ನೆಲದಿಂದ ಆಟ ಶುರುವಾಗುತ್ತದೆ.

ಎಲ್ಲ ಪಂದ್ಯವೂ ಮಳೆಯಲ್ಲೇ ಯಾಕೆ?

ಕೊಡಗಿನವರಿಗೆ ಮಳೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನೇ ನೋಡಿ. ನೂರಾರು ಕುಟುಂಬಗಳ ತಂಡಗಳು ಆಡುವ ಇಷ್ಟು ದೊಡ್ಡ ಕೂಟ ನಡೆಯುವುದು ಬೇಸಿಗೆಯಲ್ಲಿ, ಏಪ್ರಿಲ್ ಮತ್ತು ಮೇ ಹೊತ್ತಿಗೆ. ಸುಂಟಿಕೊಪ್ಪದ ಕಡೆಯ ದೊಡ್ಡವರ ಫುಟ್ಬಾಲ್ ಪಂದ್ಯಾವಳಿಗಳೂ ಮುಂಗಾರಿಗೆ ಮೊದಲೇ ಮುಗಿಯುತ್ತವೆ. ಊರಿನವರೇ ದಿನಾಂಕ ಇಟ್ಟುಕೊಂಡ ಕಡೆ ಮಳೆಯ ಲೆಕ್ಕ ತಪ್ಪುವುದಿಲ್ಲ.

ಮಕ್ಕಳ ಆಟಕ್ಕೆ ಆ ಅನುಕೂಲ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಶಾಲೆ ತೆರೆಯುವುದು ಮೇ ಕೊನೆಗೆ, ಮುಂಗಾರು ಬರುವುದು ಜೂನ್ ಮೊದಲಿಗೆ. ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ ಅಂತ ಮೆಟ್ಟಿಲು ಹತ್ತುತ್ತಾ ಹೋಗುವುದು ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್ ತನಕ. ಮೇಲಿನ ಹಂತದ ರಾಜ್ಯ, ರಾಷ್ಟ್ರ ಕೂಟಗಳ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಿ ಕೆಳಗಿನವುಗಳ ದಿನ ನಿಗದಿಯಾಗುತ್ತದೆ. ಫುಟ್ಬಾಲ್‌ಗೆ ಇನ್ನೊಂದು ಒತ್ತಡವೂ ಇದೆ. ಭಾರತೀಯ ವಾಯುಪಡೆ ನಡೆಸುವ ಸುಬ್ರೊತೊ ಕಪ್ 1960ರಿಂದ ಇರುವ, ಶಾಲಾ ತಂಡಗಳಿಗೆ ದೇಶದಲ್ಲೇ ದೊಡ್ಡದು ಅನ್ನಿಸಿಕೊಂಡ ಟೂರ್ನಿ. ಅದರ ಅಂತಿಮ ಸುತ್ತುಗಳು ಸಾಮಾನ್ಯವಾಗಿ ಆಗಸ್ಟ್‌ನಿಂದ ಆಚೆಗೆ ನಡೆಯುವುದರಿಂದ ಜಿಲ್ಲೆ, ರಾಜ್ಯ ಹಂತದ ಆಯ್ಕೆ ಜೂನ್, ಜುಲೈನಲ್ಲೇ ಆಗಬೇಕು.

ಕೋಲಾರದಲ್ಲೋ ಕಲಬುರಗಿಯಲ್ಲೋ ಜುಲೈ ಆಟಕ್ಕೆ ತೊಂದರೆಯಿಲ್ಲದ ತಿಂಗಳು. ಏಪ್ರಿಲ್ ಬಿಸಿಲಿಗಿಂತ ಎಷ್ಟೋ ವಾಸಿ. ರಾಜ್ಯದ 31 ಜಿಲ್ಲೆಗಳಿಗೆ ಒಂದೇ ಅಳತೆಯ ವೇಳಾಪಟ್ಟಿ ಮಾಡಿದಾಗ ಆ ಜಿಲ್ಲೆಗಳ ಹವೆಯೇ ಮಾದರಿ ಆಗುತ್ತದೆ. ಕೊಡಗು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಸಕಲೇಶಪುರ, ತೀರ್ಥಹಳ್ಳಿಯ ಕಡೆಯವರಿಗೆ ಅದು ಹೊಂದುವುದಿಲ್ಲ. ಪರಿಣಾಮ ಏನೆಂದರೆ, ಮೈದಾನ ಅತಿ ದುರ್ಬಲವಾಗಿರುವ ತಿಂಗಳಲ್ಲೇ ಅತಿ ಹೆಚ್ಚು ಪಂದ್ಯ ಬೀಳುತ್ತವೆ.

ಎಷ್ಟು ಪಂದ್ಯ? ಹದಿನಾರು ತಂಡಗಳ ನಾಕೌಟ್ ಅಂದರೆ 15 ಪಂದ್ಯ. ಬಸ್ಸು, ಊಟ, ರೆಫರಿ ಖರ್ಚು ಉಳಿಸಲು ಅದನ್ನು ಎರಡು ದಿನದಲ್ಲಿ ಮುಗಿಸುತ್ತಾರೆ. ಹೋಲಿಕೆಗೆ ಇಂಗ್ಲೆಂಡಿನ ಲೆಕ್ಕ ನೋಡಿ. ಮಳೆ, ಕೆಸರು ಅವರಿಗೂ ಹಳೇ ಪರಿಚಯ. ಅಲ್ಲಿ ಮೈದಾನಗಳ ಯೋಜನೆ ಮಾಡುವಾಗ ದೊಡ್ಡವರ ಆಟಕ್ಕೆ ಒಳ್ಳೆಯ ಹುಲ್ಲಿನ ಮೈದಾನವೊಂದು ವಾರಕ್ಕೆ 3 ಪಂದ್ಯ ತಡೆಯುತ್ತದೆ, ಸಾಧಾರಣದ್ದು 2, ಕಳಪೆಯದ್ದು 1 ಅಂತ ಹಿಡಿಯುತ್ತಾರೆ. ಮಕ್ಕಳು ಹಗುರ, ಹಾಗಾಗಿ ಸ್ವಲ್ಪ ಜಾಸ್ತಿ ಅಂತಲೇ ಇಟ್ಟುಕೊಳ್ಳೋಣ. ಆದರೂ ಎರಡು ದಿನಕ್ಕೆ 15 ಪಂದ್ಯ, ಅದೂ ಜುಲೈ ಕೊನೆಯ ಪುಷ್ಯ ಮಳೆಯಲ್ಲಿ!

ಬೀಗ ಬೇಕು ಅನ್ನುವವರು, ಬೇಡ ಅನ್ನುವವರು

ಮೈದಾನ ನೋಡಿಕೊಳ್ಳುವವರ ವಾದ ನೇರವಾಗಿದೆ. ಒಂದು ವಾರ ಆಡಿಸಿ ವರ್ಷ ಪೂರ್ತಿ ಕಳೆದುಕೊಳ್ಳುವುದು ಬೇಡ. ಸರಿಪಡಿಸಲು ದುಡ್ಡು ಕೊಡುವವರು ಯಾರೂ ಇಲ್ಲ. ಪಂಚಾಯಿತಿಗೆ ಮೈದಾನದ ನಿರ್ವಹಣೆಗೆ ಅಂತ ಬರುವ ಹಣ ಹುಲ್ಲು ಕತ್ತರಿಸುವುದಕ್ಕೂ ಸಾಲದು.

ಪಿ.ಟಿ. ಮೇಷ್ಟ್ರು, ಕೋಚ್‌ಗಳ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್ ಎಂದರೆ ಶಾಲಾ ವರ್ಷದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಷ್ಟು ದಿನ ಅಭ್ಯಾಸ ಇಲ್ಲದೆ ಹೋದರೆ ರಾಜ್ಯ ಮಟ್ಟದಲ್ಲಿ ಬೆಂಗಳೂರಿನ ತಂಡದ ಎದುರು ನಿಲ್ಲುವುದು ಹೇಗೆ? ಮಳೆಯಲ್ಲಿ ಆಡಿಯೇ ನಾವೆಲ್ಲ ದೊಡ್ಡವರಾದದ್ದು ಅನ್ನುವ ಹಿರಿಯರೂ ಇದ್ದಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವರು ಆಡಿದ ಕಾಲದಲ್ಲಿ ಒಂದು ಊರಿಗೆ ಎರಡು ಮೂರು ಬಯಲಿತ್ತು. ಒಂದು ಕೆಸರಾದರೆ ಇನ್ನೊಂದಕ್ಕೆ ಹೋಗುತ್ತಿದ್ದರು. ಇವತ್ತು ಉಳಿದಿರುವ ಒಂದೇ ಮೈದಾನದ ಮೇಲೆ ಎಲ್ಲ ಭಾರ.

ಮೂರನೇ ಮಾತು ಜಾಸ್ತಿ ಕೇಳಿಸುವುದಿಲ್ಲ, ಆದರೆ ಅದೇ ಮುಖ್ಯ. ಬೀಗ ಎಲ್ಲರಿಗೂ ಒಂದೇ ತರ ಬೀಳುವುದಿಲ್ಲ. ದುಡ್ಡಿದ್ದವರ ಮಕ್ಕಳು ಗಂಟೆಗೆ ಬಾಡಿಗೆ ಕೊಟ್ಟು ಪೇಟೆಯ ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಅಂಗಳದಲ್ಲಿ) ಆಡುತ್ತಾರೆ. ತೋಟದ ಲೈನ್ ಮನೆಯ (ಕಾರ್ಮಿಕರ ಸಾಲು ಮನೆಯ) ಮಕ್ಕಳಿಗೆ, ಸರ್ಕಾರಿ ಶಾಲೆಯ ಮಕ್ಕಳಿಗೆ ಇರುವುದು ಆ ಒಂದು ಮೈದಾನ. ಸಿದ್ದಾಪುರ, ಸುಂಟಿಕೊಪ್ಪ, ಅಮ್ಮತ್ತಿಯ ಕಡೆ ಫುಟ್ಬಾಲ್ ಇಷ್ಟು ಬೆಳೆದದ್ದೇ ಅದಕ್ಕೆ ಒಂದು ಚೆಂಡು ಬಿಟ್ಟು ಬೇರೇನೂ ಬೇಡ ಅನ್ನುವ ಕಾರಣಕ್ಕೆ. ಗೇಟು ಮುಚ್ಚಿ ಬೇರೆ ಜಾಗ ತೋರಿಸದೆ ಹೋದರೆ ಮಕ್ಕಳು ಗೋಡೆ ಹಾರಿ ಬರುತ್ತಾರೆ, ಅಷ್ಟೇ. ಆಗ ಮೈದಾನವೂ ಉಳಿಯುವುದಿಲ್ಲ, ಶಿಸ್ತೂ ಉಳಿಯುವುದಿಲ್ಲ.

ಟರ್ಫ್ ಹಾಕಿದರೆ ಮುಗಿಯಿತಾ?

ಮಡಿಕೇರಿ, ಪೊನ್ನಂಪೇಟೆಯಲ್ಲಿ ಹಾಕಿಗೆ ಸಿಂಥೆಟಿಕ್ ಟರ್ಫ್ ಇದೆಯಲ್ಲ, ಅಲ್ಲೇ ಫುಟ್ಬಾಲ್ ಆಡಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಹಾಕಿ ಟರ್ಫ್‌ನ ನಾರು ಗಿಡ್ಡ, ಹೆಣಿಗೆ ಒತ್ತು. ಫುಟ್ಬಾಲ್ ಸ್ಟಡ್ ಅದನ್ನು ಹಾಳು ಮಾಡುತ್ತದೆ. ಚೆಂಡೂ ಅದರ ಮೇಲೆ ಹಿಡಿತಕ್ಕೆ ಸಿಗದೆ ಓಡುತ್ತದೆ. ಹಾಕಿ ಕಲಿಯುವ ಮಕ್ಕಳಿಗೇ ಅಲ್ಲಿ ಸಮಯ ಸಾಲದು.

ಫುಟ್ಬಾಲ್‌ಗೆ ಅಂತಲೇ ಉದ್ದ ನಾರಿನ ಟರ್ಫ್ ಬೇರೆ ಇದೆ. ಪೂರ್ಣ ಮೈದಾನಕ್ಕೆ ಅದರ ಖರ್ಚು ಕೋಟಿಗಳಲ್ಲಿ. ಬಾಳಿಕೆ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ, ಆಮೇಲೆ ಮೇಲಿನ ಹಾಸು ಮತ್ತೆ ಹೊಸದು. ಟರ್ಫ್ ಹಾಕಿದರೆ ನೀರಿನ ಸಮಸ್ಯೆ ಮಾಯ ಅನ್ನುವುದೂ ತಪ್ಪು. ಅದರ ಅಡಿಯಲ್ಲಿ ಜಲ್ಲಿ, ಪೈಪು, ಚರಂಡಿ ಸರಿ ಇಲ್ಲದಿದ್ದರೆ ಕೊಡಗಿನ ಮಳೆಗೆ ಟರ್ಫ್ ಕೂಡ ಕೆರೆಯೇ. ನಾರುಗಳ ನಡುವೆ ತುಂಬುವ ರಬ್ಬರ್ ಪುಡಿ ಇನ್ನೊಂದು ತಲೆನೋವು. ಮೈಕ್ರೋಪ್ಲಾಸ್ಟಿಕ್ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಇದರ ಮಾರಾಟಕ್ಕೆ ನಿಷೇಧ ತಂದಿತು, ಕ್ರೀಡಾ ಮೈದಾನಗಳಿಗೆ ಎಂಟು ವರ್ಷದ ಕಾಲಾವಕಾಶ ಕೊಟ್ಟು. ಇಲ್ಲಿ ಮಳೆಗೆ ತೊಳೆದುಹೋಗುವ ಪುಡಿ ತೋಡಿಗೆ, ತೋಡಿನಿಂದ ಕಾವೇರಿಗೆ. ಜಿಲ್ಲೆಗೆ ಒಂದೆರಡು ಒಳ್ಳೆಯ ಟರ್ಫ್ ಬೇಕು ಅನ್ನುವುದು ಸರಿ. ಊರಿಗೊಂದು ಅನ್ನುವುದು ನಡೆಯುವ ಮಾತಲ್ಲ.

ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಸೂರಿರುವ ಸಣ್ಣ ಅಂಗಳ. ಫುಟ್ಸಾಲ್‌ಗೆ 40 ಮೀಟರ್ ಉದ್ದ, 20 ಮೀಟರ್ ಅಗಲ ಸಾಕು, ಅಭ್ಯಾಸಕ್ಕೆ ಅದೂ ಬೇಡ. ಮಳೆ ಜಿಲ್ಲೆಯಲ್ಲಿ ಶಾಲೆಗೊಂದು ತಗಡಿನ ಸೂರಿನ ಅಂಗಳ ಇದ್ದರೆ ಪ್ರಾರ್ಥನೆಗೂ ಆಯಿತು, ಕಾಲಲ್ಲಿ ಚೆಂಡು ಪಳಗಿಸುವುದಕ್ಕೂ ಆಯಿತು. ಮಕ್ಕಳಿಗೆ ಚಿಕ್ಕ ಜಾಗ, ಕಡಿಮೆ ಆಟಗಾರರು ಇರುವ ಆಟವೇ ಒಳ್ಳೆಯದು ಅನ್ನುವುದು ಈಗ ಎಲ್ಲ ಕಡೆ ಒಪ್ಪಿದ ಮಾತು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ 2018ರಲ್ಲಿ ಶುರುಮಾಡಿದ ಗೋಲ್ಡನ್ ಬೇಬಿ ಲೀಗ್ ಕೂಡ 13 ವರ್ಷದೊಳಗಿನ ಮಕ್ಕಳನ್ನು ಸಣ್ಣ ತಂಡಗಳಲ್ಲೇ ಆಡಿಸಿತು.

ಇರುವ ಮೈದಾನ ಉಳಿಸಿಕೊಳ್ಳಲು

ಕೊಡಗಿನಲ್ಲಿ ಸಮತಟ್ಟು ಜಾಗ ತಾನಾಗಿ ಸಿಗುವುದು ಕಡಿಮೆ. ಬಹಳಷ್ಟು ಮೈದಾನ ಗುಡ್ಡ ಕಡಿದು ಮಾಡಿದ್ದು. ಒಂದು ಕಡೆ ಬರೆ (ಕಡಿದ ಗುಡ್ಡದ ಗೋಡೆ), ಇನ್ನೊಂದು ಕಡೆ ಅದೇ ಮಣ್ಣು ತುಂಬಿಸಿದ ಅಂಚು. ಮಳೆಗಾಲದಲ್ಲಿ ಇಂಥ ಮೈದಾನಕ್ಕೆ ಬರುವ ನೀರಿನಲ್ಲಿ ದೊಡ್ಡ ಪಾಲು ಆಕಾಶದಿಂದ ನೇರ ಬಿದ್ದದ್ದಲ್ಲ, ಮೇಲಿನ ಇಳಿಜಾರಿನಿಂದ ಇಳಿದು ಬಂದದ್ದು. ಹಾಗಾಗಿ ಮೊದಲ ಕೆಲಸ ಬರೆಯ ಬುಡದಲ್ಲಿ ಒಂದು ಆಳದ ಕಣಿ ತೆಗೆದು, ನೀರನ್ನು ಮೈದಾನಕ್ಕೆ ಮುಟ್ಟಿಸದೆ ಬಳಸಿ ಕಳಿಸುವುದು. ತೋಟದಲ್ಲಿ ಕಣಿ, ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಯುವುದು ಗೊತ್ತಿರುವ ಊರಿನಲ್ಲಿ ಇದಕ್ಕೆ ಎಂಜಿನಿಯರ್ ಬೇಡ. ಬೇಕಾದ್ದು ಮೇ ತಿಂಗಳ ಎರಡು ಮೂರು ದಿನದ ಆಳು ಕೆಲಸ.

ಆದರೆ ಆ ನೀರನ್ನು ಎಲ್ಲಿ ಬಿಡುತ್ತೀರಿ ಅನ್ನುವುದು ದೊಡ್ಡ ಪ್ರಶ್ನೆ. ತುಂಬಿಸಿದ ಅಂಚಿನ ಮೇಲೆ ಬಿಟ್ಟರೆ ಮಣ್ಣು ನೆನೆದು ಆ ಅಂಚೇ ಕುಸಿಯುತ್ತದೆ. 2018ರ ಆಗಸ್ಟ್ ನೋಡಿದ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಭೂಕುಸಿತಗಳ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಇಳಿಜಾರು ಕಡಿದದ್ದನ್ನು ಒಂದು ಮುಖ್ಯ ಕಾರಣವಾಗಿ ತೋರಿಸಿತ್ತು. ಮೈದಾನದ ಕೆಳಗೆ ಮನೆಗಳಿದ್ದರೆ ಕಣಿಯ ನೀರು ಕಟ್ಟಿದ ಚರಂಡಿಯಲ್ಲೇ, ಗಟ್ಟಿ ನೆಲದ ತೋಡಿನ ತನಕ ಹೋಗಬೇಕು. ಇಲ್ಲಿ ಮಾತ್ರ ತಿಳಿದವರಿಂದ ನಕ್ಷೆ ಮಾಡಿಸುವುದೇ ಸರಿ.

ಎರಡನೆಯದು ಇಳಿಜಾರು. ಗೋಲಿನಿಂದ ಗೋಲಿಗೆ ಮೈದಾನದ ನಡು ಸ್ವಲ್ಪ ಎತ್ತರ ಇದ್ದರೆ ನೀರು ಎರಡೂ ಬದಿಗೆ ಹರಿಯುತ್ತದೆ. ನೂರಕ್ಕೆ ಒಂದರ ಇಳಿಜಾರು ಸಾಕು. ಅಂದರೆ 68 ಮೀಟರ್ ಅಗಲದ ಮೈದಾನದಲ್ಲಿ ನಡು ಭಾಗ ಅಂಚಿಗಿಂತ ಸುಮಾರು 34 ಸೆಂಟಿಮೀಟರ್ ಎತ್ತರ. ಆಡುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಜನ ಸಾಮಾನ್ಯವಾಗಿ ಮಾಡುವುದು ಬೇರೆ. ಕೆಸರಾದ ಜಾಗಕ್ಕೆ ಎರಡು ಲೋಡು ಮರಳೋ ಕ್ರಷರ್ ಪುಡಿಯೋ ಸುರಿಯುತ್ತಾರೆ. ಜೇಡಿಗೆ ಸ್ವಲ್ಪ ಮರಳು ಬೆರೆತರೆ ಮಣ್ಣು ಸಡಿಲ ಆಗುವುದಿಲ್ಲ, ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಮರಳಿನಿಂದ ನೀರು ಇಂಗಬೇಕಾದರೆ ಆ ಪದರದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಮರಳೇ ಇರಬೇಕು. ಪೂರ್ತಿ ಮೈದಾನಕ್ಕೆ ಹತ್ತು ಸೆಂಟಿಮೀಟರ್ ಪದರ ಎಂದರೆ 714 ಘನ ಮೀಟರ್. ಎಷ್ಟು ಲಾರಿ ಅಂತ ನೀವೇ ಲೆಕ್ಕ ಹಾಕಿ. ಇನ್ನೊಂದು ದುರಭ್ಯಾಸ ಹಸಿ ನೆಲದ ಮೇಲೆ ರೋಲರ್ ಎಳೆಯುವುದು. ನೋಡಲು ಸಮ ಕಾಣುತ್ತದೆ, ಒಳಗೆ ಉಳಿದಿದ್ದ ಸಂದೂ ಮುಚ್ಚುತ್ತದೆ.

ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಸೆಪ್ಟೆಂಬರ್ ಕೊನೆಗೆ, ಮಣ್ಣು ಹಸಿ ಇದ್ದರೂ ಕೈಗೆ ಅಂಟದ ಹೊತ್ತಿಗೆ. ಗೋಲ್ ಮುಂದೆ, ನಡು ವೃತ್ತದಲ್ಲಿ ಮುಳ್ಳುಗುದ್ದಲಿಯಿಂದ ಒಂದು ಗೇಣು ಆಳಕ್ಕೆ ಚುಚ್ಚಿ ಸಡಿಲ ಮಾಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಮೂಲೆಯಲ್ಲಿ ದಟ್ಟವಾಗಿರುವ ಗರಿಕೆಯನ್ನೇ ತುಂಡು ಮಾಡಿ ನೆಡುವುದು. ಅಕ್ಟೋಬರ್ ಬಿಸಿಲಿಗೆ ಅದು ಹಿಡಿಯುತ್ತದೆ. ಗೋಲ್ ಕಂಬಗಳು ಎತ್ತಿಡುವ ತರದವಾದರೆ ಅಭ್ಯಾಸದ ಜಾಗವನ್ನು ವಾರಕ್ಕೊಮ್ಮೆ ಬದಲಿಸಬಹುದು. ಎಲ್ಲ ಮೈದಾನಗಳೂ ಮೊದಲು ಸಾಯುವುದು ಗೋಲ್ ಬಾಯಲ್ಲಿ ತಾನೇ?

ಬೀಗ ಹಾಕುವುದಕ್ಕೊಂದು ನಿಯಮ

ರೆಫರಿ ನೋಡುವುದು ಇವತ್ತಿನ ಪಂದ್ಯವನ್ನು. ಆಟಗಾರರಿಗೆ ಅಪಾಯ ಇದೆಯಾ, ಚೆಂಡು ಉರುಳುತ್ತದಾ ಅಂತ. ಮುಂದಿನ ಮಾರ್ಚ್‌ನ ಹುಲ್ಲು ಅವರ ಜವಾಬ್ದಾರಿ ಅಲ್ಲ. ಹಾಗಾಗಿ ಮೈದಾನದ ಪರವಾಗಿ ನಿರ್ಧಾರ ಮಾಡುವವರು ಬೇರೆ ಇರಬೇಕು. ಅವರ ನಿರ್ಧಾರ ಅವರ ಮನಸ್ಸಿನ ಮೇಲೆ ನಿಂತಿರಬಾರದು.

ಹಲವು ದೇಶಗಳಲ್ಲಿ ಬಳಸುವ ಸರಳ ಪರೀಕ್ಷೆ ಹೆಜ್ಜೆಯದ್ದು. ಗೋಲ್ ಮುಂದೆ, ನಡುವಲ್ಲಿ, ತಗ್ಗಿನಲ್ಲಿ ಹಿಮ್ಮಡಿ ಒತ್ತಿ ನಿಲ್ಲಿ. ಶೂ ಸುತ್ತ ನೀರು ಮಿನುಗಿದರೆ ಅಥವಾ ಕಾಲೆತ್ತಿದ ಮೇಲೆ ಗುಂಡಿ ಹಾಗೇ ಉಳಿದರೆ ಆಟ ಇಲ್ಲ. ನೆಲ ಗಟ್ಟಿ ಇದ್ದು ಹುಲ್ಲು ಮಾತ್ರ ಒದ್ದೆ ಇದ್ದರೆ ಆಡಬಹುದು. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಇದೆ. ಪ್ರತಿ ಊರಿನಲ್ಲೂ ಯಾರದೋ ತೋಟದಲ್ಲಿ ಮಳೆಮಾಪಕ ಇದ್ದೇ ಇರುತ್ತದೆ, ದಶಕಗಳ ಲೆಕ್ಕ ಬರೆದಿಟ್ಟವರೂ ಇರುತ್ತಾರೆ. ಎಷ್ಟು ಇಂಚು ಬಿದ್ದ ಮೇಲೆ ತಮ್ಮ ಮೈದಾನ ಎಷ್ಟು ದಿನ ಹೆಜ್ಜೆ ಪರೀಕ್ಷೆಯಲ್ಲಿ ಸೋಲುತ್ತದೆ ಅಂತ ಒಂದು ಮಳೆಗಾಲ ಬರೆದಿಟ್ಟರೆ ಸಾಕು. ಮುಂದಿನ ವರ್ಷ ಬೆಳಗ್ಗೆ ಏಳಕ್ಕೆ ವಾಟ್ಸಾಪ್‌ನಲ್ಲಿ ತೆರೆದಿದೆ, ಮುಚ್ಚಿದೆ ಅಂತ ಒಂದು ಸಾಲು ಹಾಕಬಹುದು.

ಆಗ ನಾಲ್ಕು ತಿಂಗಳ ಬೀಗ ಬೇಕಾಗುವುದಿಲ್ಲ. ಕುಶಾಲನಗರದ ಕಡೆ ಬೀಳುವ ಮಳೆ ಮಡಿಕೇರಿಯ ಅರ್ಧವೂ ಅಲ್ಲ. ಮಡಿಕೇರಿಯಲ್ಲಿ ವರ್ಷದ ಸರಾಸರಿ 3,000 ಮಿಲಿಮೀಟರ್ ದಾಟುತ್ತದೆ. ಎರಡೂ ಊರಿಗೆ ಒಂದೇ ದಿನ ಬೀಗ ಹಾಕಿ ಒಂದೇ ದಿನ ತೆಗೆಯುವುದರಲ್ಲಿ ಅರ್ಥ ಇಲ್ಲ. ಮಡಿಕೇರಿ ಕಡೆ ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ, ಮೈದಾನ ಮುಚ್ಚಿಯೇ ಇರಬಹುದು. ಕುಶಾಲನಗರದಲ್ಲಿ ವಾರಕ್ಕೆ ಮೂರು ದಿನ ತೆರೆಯಬಹುದು.

ಕೆಸರುಗದ್ದೆ ಆಟದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಾಟಿಗೆ ಮೊದಲು ಗದ್ದೆಯಲ್ಲಿ ಆಡಿದರೆ ಮಣ್ಣಿಗೆ ನಷ್ಟ ಇಲ್ಲ, ಹೇಗೂ ಕೆಸರು ಮಾಡಬೇಕಾದ ನೆಲ ಅದು. ಆಳಿಲ್ಲದೆ, ಆನೆ ಕಾಟಕ್ಕೆ ಬೇಸತ್ತು ಪಾಳು ಬಿಟ್ಟ ಗದ್ದೆಗಳಂತೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಮಕ್ಕಳ ಮಳೆಗಾಲದ ಉತ್ಸಾಹಕ್ಕೆ ಮೈದಾನಕ್ಕಿಂತ ಅದೇ ಸರಿಯಾದ ಜಾಗ. ಕಾಲಲ್ಲಿ ಗಾಯ ಇದ್ದವರನ್ನು ಇಳಿಸಬಾರದು, ಇಲಿಜ್ವರದ ಭಯ ಇದೆ. ಆಟ ಮುಗಿದ ಮೇಲೆ ಚೆನ್ನಾಗಿ ತೊಳೆಸಬೇಕು. ಜಿಗಣೆಗೆ ಮಾತ್ರ ಯಾವ ನಿಯಮವೂ ಇಲ್ಲ.

ಮುಂದೆ ಏನಾಗಬಹುದು

ಈಗಿನ ಹಾಗೇ ನಡೆದರೆ ಎರಡು ದಾರಿ ಕಾಣುತ್ತದೆ. ಬೀಗ ಬಿಗಿಯಾದ ಊರಲ್ಲಿ ಮೈದಾನ ಉಳಿಯುತ್ತದೆ, ಆಡುವ ಮಕ್ಕಳು ಕಡಿಮೆಯಾಗುತ್ತಾರೆ. ಕೆಲವೇ ವರ್ಷಗಳಲ್ಲಿ ಆಡುವವರೇ ಇಲ್ಲವಲ್ಲ ಅಂತ ಅದೇ ಜಾಗಕ್ಕೆ ಕಟ್ಟಡ ಬರಬಹುದು. ಬೀಗ ಸಡಿಲ ಇರುವ ಊರಲ್ಲಿ ಆಟ ನಡೆಯುತ್ತದೆ, ಮೈದಾನ ವರ್ಷದಿಂದ ವರ್ಷಕ್ಕೆ ಗದ್ದೆಯಾಗುತ್ತದೆ. ಎರಡರಲ್ಲೂ ಸೋಲುವುದು ಬೇರೆ ಜಾಗಕ್ಕೆ ಹೋಗಲಾಗದ ಮಕ್ಕಳು.

ವೇಳಾಪಟ್ಟಿ ಬದಲಾದರೆ ಚಿತ್ರ ಬೇರೆಯಾಗುತ್ತದೆ. ವಲಯ, ತಾಲ್ಲೂಕು ಮಟ್ಟದ ಫುಟ್ಬಾಲನ್ನು ಮಲೆನಾಡು, ಕರಾವಳಿ ಜಿಲ್ಲೆಗಳಿಗೆ ಮಾತ್ರ ದಸರಾ ರಜೆಯ ನಂತರಕ್ಕೆ ತಳ್ಳಿದರೆ ಅತಿ ದೊಡ್ಡ ಭಾರ ಇಳಿಯುತ್ತದೆ. ಅದಕ್ಕೆ ರಾಜ್ಯ ಕೂಟದ ದಿನಾಂಕವೂ ಸ್ವಲ್ಪ ಮುಂದಕ್ಕೆ ಹೋಗಬೇಕು. ಇಲ್ಲಿಯ ಶಾಲೆಗಳು ಒಂಟಿಯಾಗಿ ಕೇಳಿದರೆ ಅದು ಆಗುವುದಿಲ್ಲ. ಐದಾರು ಮಳೆ ಜಿಲ್ಲೆಗಳು ಸೇರಿ ಕೇಳಬೇಕು. ಸುಬ್ರೊತೊ ಕಪ್‌ನ ದಿನಾಂಕ ನಮ್ಮ ಕೈಯಲ್ಲಿಲ್ಲ. ಆ ಆಯ್ಕೆ ಪಂದ್ಯಗಳನ್ನು ಕುಶಾಲನಗರದ ಕಡೆಯ ಒಣ ಮೈದಾನದಲ್ಲಿ ಅಥವಾ ಬಾಡಿಗೆ ಟರ್ಫ್‌ನಲ್ಲಿ ನಡೆಸಬಹುದು. ವಿರಾಜಪೇಟೆ, ಪೊನ್ನಂಪೇಟೆಯ ಮಕ್ಕಳಿಗೆ ಅದು ದೂರ, ಬಸ್ ಖರ್ಚು ಬೀಳುತ್ತದೆ. ಕೆಟ್ಟ ಮೈದಾನ ಸರಿಮಾಡುವ ಖರ್ಚಿಗೆ ಹೋಲಿಸಿದರೆ ಅದೇನೂ ಜಾಸ್ತಿಯಲ್ಲ. ಆದರೆ ಆ ಖರ್ಚು ಶಾಲೆಯ ಮೇಲೋ ಪೋಷಕರ ಮೇಲೋ ಬೀಳದೆ ಕೂಟದ ಲೆಕ್ಕದಲ್ಲೇ ಬರಬೇಕು. ಇಲ್ಲದಿದ್ದರೆ ಬಡ ಶಾಲೆಯ ತಂಡ ಬರುವುದೇ ಇಲ್ಲ.

ಇದನ್ನೆಲ್ಲ ಮಾತಾಡಬೇಕಾದ ಹೊತ್ತು ಜುಲೈ ಅಲ್ಲ. ಆ ಹೊತ್ತಿಗೆ ದಿನಾಂಕ ಬಂದಿರುತ್ತದೆ, ಮೈದಾನ ನೆನೆದಿರುತ್ತದೆ, ಎಲ್ಲರಿಗೂ ಸಿಟ್ಟು ಬಂದಿರುತ್ತದೆ. ಪಂಚಾಯಿತಿಯವರು, ಪಿ.ಟಿ. ಮೇಷ್ಟ್ರು, ಯುವಕ ಸಂಘದವರು ಮೇ ತಿಂಗಳಲ್ಲೇ ಒಂದು ಸಂಜೆ ಕೂತರೆ ಕಣಿ ತೆಗೆಯುವವರು ಯಾರು, ಹೆಜ್ಜೆ ಪರೀಕ್ಷೆ ಮಾಡುವವರು ಯಾರು, ಯಾರ ಪಾಳು ಗದ್ದೆ ಸಿಗುತ್ತದೆ ಅನ್ನುವ ಮೂರು ವಿಷಯ ತೀರ್ಮಾನ ಮಾಡಿ ಏಳಬಹುದು. ದಿನಾಂಕದ ವಿಚಾರ ಬೆಂಗಳೂರಿಗೆ ಹೋಗಬೇಕಾದ ಅರ್ಜಿ. ಅದಕ್ಕೆ ಮುಂದಿನ ಶಾಲಾ ವರ್ಷದ ಕ್ರೀಡಾ ವೇಳಾಪಟ್ಟಿ ಹೊರಡುವ ಮೊದಲಿನ ಬೇಸಿಗೆಯೇ ಕೊನೆಯ ಗಡುವು.